ಸೀಟಿಗಾಗಿ ಹತ್ತು ವರ್ಷಗಳ ಓಟ: ಬೈಟ್ಸ್ಕೆ ವಿಸ್ಸರ್ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರ್ ರೇಸಿಂಗ್‌ನಲ್ಲಿ ತೊಡಗಿರುವ ಮಹಿಳೆಯರ ಬಗ್ಗೆ ಪ್ರಶ್ನೆಗಳನ್ನು ಆಹ್ವಾನಿಸಿದಾಗ ಬಂದ ಪತ್ರಗಳಲ್ಲಿ ನೆದರ್ಲೆಂಡ್ಸ್‌ನ ಬೈಟ್ಸ್ಕೆ ವಿಸ್ಸರ್ ಅವರ ಹೆಸರು ಮತ್ತೆ ಮತ್ತೆ ಬಂದಿದೆ. ಆ ಪೈಕಿ ಆರು ಪ್ರಶ್ನೆಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಬೈಟ್ಸ್ಕೆ ವಿಸ್ಸರ್ ಯಾರು? ರೇಸಿಂಗ್‌ಗೆ ಹೇಗೆ ಬಂದರು? (ಶಿವಮೊಗ್ಗದ ಓದುಗರು)

ಉತ್ತರ: ವಿಸ್ಸರ್ ಹುಟ್ಟಿದ್ದು 1995ರ ಮಾರ್ಚ್ 10ರಂದು, ನೆದರ್ಲೆಂಡ್ಸ್‌ನ ಫ್ಲೆವೊಲ್ಯಾಂಡ್ ಪ್ರಾಂತ್ಯದ ಡ್ರಾಂಟನ್ ಪಟ್ಟಣದಲ್ಲಿ. ಆ ನೆಲ 1950ರ ದಶಕದವರೆಗೂ ನೀರಿನ ತಳದಲ್ಲಿತ್ತು. ಒಡ್ಡು ಕಟ್ಟಿ, ನೀರು ಬಸಿದು, ಡಚ್ಚರು ಅದನ್ನು ಹೊಲ, ಊರುಗಳಾಗಿ ಮಾಡಿಕೊಂಡರು. ಯೂರೋಪಿನ ಬಹುತೇಕ ಎಲ್ಲ ರೇಸರ್‌ಗಳಂತೆ ವಿಸ್ಸರ್ ಕೂಡ ಬಾಲ್ಯದಲ್ಲೇ ಕಾರ್ಟ್ ಹತ್ತಿದರು. ಮೇಲ್ಛಾವಣಿಯಿಲ್ಲದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಆ ಪುಟ್ಟ ವಾಹನದಲ್ಲಿ ಕಲಿತ ತಿರುವಿನ ಲೆಕ್ಕ ಕೊನೆಯವರೆಗೂ ಕೈಬಿಡುವುದಿಲ್ಲವೆಂದು ಈ ಕ್ಷೇತ್ರದವರು ಹೇಳುತ್ತಾರೆ. ಅವರು ಗೇರ್‌ಬಾಕ್ಸ್ ಇರುವ, ಹೆಚ್ಚು ಶಕ್ತಿಯ ಕಾರ್ಟ್‌ಗಳ ವಿಭಾಗದವರೆಗೂ ಹೋಗಿ, 2012ರಲ್ಲಿ ಜರ್ಮನಿಯ ಎಡಿಎಸಿ ಫಾರ್ಮೆಲ್ ಮಾಸ್ಟರ್ಸ್ ಸರಣಿಯ ಮೂಲಕ ಒಂಟಿ ಸೀಟಿನ ರೇಸ್ ಕಾರಿಗೆ ಕಾಲಿಟ್ಟರು. ಎಳೆಯ ಚಾಲಕರು ಕಾರ್ಟಿನಿಂದ ಕಾರಿಗೆ ದಾಟಲೆಂದೇ ಇದ್ದ ಸರಣಿ ಅದು. ಆ ಮೊದಲ ವರ್ಷವೇ ತಮ್ಮ ದೇಶದ ಜಾಂಡ್‌ವೋರ್ಟ್ ಟ್ರ್ಯಾಕ್‌ನಲ್ಲಿ ಅವರು ಗೆದ್ದರು. ಉತ್ತರ ಸಮುದ್ರದ ದಂಡೆಯ ಮರಳದಿಣ್ಣೆಗಳ ನಡುವೆ ಏರಿಳಿಯುತ್ತ ಸಾಗುವ ಆ ಟ್ರ್ಯಾಕ್ ಹೊಸಬರನ್ನು ಸುಲಭವಾಗಿ ಕ್ಷಮಿಸುವಂಥದ್ದಲ್ಲ. ಮರುವರ್ಷ, ಅಂದರೆ 2013ರಲ್ಲಿ, ಅವರು ಫಾರ್ಮುಲಾ ಒನ್‌ಗೆ ಎಳೆಯ ಚಾಲಕರನ್ನು ಬೆಳೆಸುವ ರೆಡ್ ಬುಲ್ ಸಂಸ್ಥೆಯ ಜೂನಿಯರ್ ತಂಡದ ಸದಸ್ಯೆಯಾದರು.

ಪ್ರಶ್ನೆ: ರೆಡ್ ಬುಲ್‌ನಂಥ ಸಂಸ್ಥೆ ಆರಿಸಿಕೊಂಡ ಮೇಲೂ ಅವರು ಫಾರ್ಮುಲಾ ಒನ್ ತಲುಪಲಿಲ್ಲವೇಕೆ? ಪ್ರತಿಭೆ ಸಾಲದೆ ಹೋಯಿತೇ? (ಮೈಸೂರು ಮತ್ತು ಹುಬ್ಬಳ್ಳಿಯ ಓದುಗರು)

ಉತ್ತರ: ಪ್ರಶ್ನೆ ನೇರವಾಗಿದೆ, ಉತ್ತರವನ್ನೂ ನೇರವಾಗಿಯೇ ಕೊಡಬೇಕು. ರೆಡ್ ಬುಲ್ ಜೂನಿಯರ್ ಕಾರ್ಯಕ್ರಮ ಚಾಲಕರನ್ನು ಬೇಗ ಎತ್ತಿಕೊಳ್ಳುವುದಕ್ಕೂ ಅಷ್ಟೇ ಬೇಗ ಕೈಬಿಡುವುದಕ್ಕೂ ಹೆಸರಾದದ್ದು. ಅಲ್ಲಿಂದ ಹೊರಬಿದ್ದ ಹುಡುಗರ ಪಟ್ಟಿ ಫಾರ್ಮುಲಾ ಒನ್ ತಲುಪಿದವರ ಪಟ್ಟಿಗಿಂತ ಬಹಳ ಉದ್ದ. ವಿಸ್ಸರ್ ಅಲ್ಲಿದ್ದದ್ದೂ ಅಲ್ಪಕಾಲ. ಆದರೆ ಅವರ ಓಟ ಅದರೊಂದಿಗೆ ನಿಲ್ಲಲಿಲ್ಲ. 2014 ಮತ್ತು 2015ರಲ್ಲಿ ಅವರು ಸ್ಪೇನ್‌ನ ಎವಿಎಫ್ ತಂಡಕ್ಕಾಗಿ ಫಾರ್ಮುಲಾ ರೆನೋ 3.5 ಸರಣಿಯಲ್ಲಿ ಓಡಿಸಿದರು. ಆ ಕಾಲದಲ್ಲಿ ಫಾರ್ಮುಲಾ ಒನ್‌ನ ಹೊಸ್ತಿಲೆಂದು ಕರೆಸಿಕೊಳ್ಳುತ್ತಿದ್ದ ಸರಣಿಗಳಲ್ಲಿ ಅದೂ ಒಂದು. ಕಾರಿನಲ್ಲಿ ಸುಮಾರು 530 ಅಶ್ವಶಕ್ತಿಯ ವಿ8 ಎಂಜಿನ್ ಇರುತ್ತಿತ್ತು. 2014ರಲ್ಲಿ ಅದೇ ಸರಣಿಯನ್ನು ಗೆದ್ದವರು ಕಾರ್ಲೊಸ್ ಸೈನ್ಸ್, ಎರಡನೆಯವರು ಪಿಯೆರ್ ಗ್ಯಾಸ್ಲಿ. ಇಬ್ಬರೂ ಮುಂದೆ ಫಾರ್ಮುಲಾ ಒನ್‌ನಲ್ಲಿ ರೇಸ್ ಗೆದ್ದವರು. ಹತ್ತೊಂಬತ್ತು ವರ್ಷದ ವಿಸ್ಸರ್ ಎದುರಿಸಿದ್ದು ಇಂಥವರನ್ನು.

ಆ ಎರಡು ವರ್ಷಗಳಲ್ಲಿ ಅವರು ಮುಂಚೂಣಿಯಲ್ಲಿರಲಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆ ಹಂತದ ಫಲಿತಾಂಶಕ್ಕೆ ಚಾಲಕರೊಬ್ಬರೇ ಕಾರಣರೆಂದು ಹೇಳಲಾಗದು. ಟೈರು ಎಷ್ಟು, ಪರೀಕ್ಷಾ ಓಟಕ್ಕೆ ಸಿಕ್ಕ ದಿನಗಳೆಷ್ಟು, ಎಂಜಿನಿಯರ್ ಎಂಥವರು, ತಂಡದ ಕೈಯಲ್ಲಿರುವ ದುಡ್ಡೆಷ್ಟು ಎಂಬ ಪ್ರತಿಯೊಂದೂ ಸೆಕೆಂಡಿನ ಹತ್ತರಲ್ಲೊಂದು ಭಾಗದಷ್ಟು ಸಮಯವನ್ನು ಕೊಡುತ್ತದೆ ಇಲ್ಲವೇ ಕಸಿಯುತ್ತದೆ. ಇದಕ್ಕೆಲ್ಲ ಹಣ ಹೊಂದಿಸಬೇಕಾದವರು ಬಹುಮಟ್ಟಿಗೆ ಚಾಲಕರೇ. ಪ್ರಾಯೋಜಕರ ಹಣವನ್ನು ಬೆನ್ನಿಗೆ ಕಟ್ಟಿಕೊಂಡು ಬಂದವರಿಗೆ ಒಳ್ಳೆಯ ತಂಡದ ಸೀಟು, ಇಲ್ಲದವರಿಗೆ ಉಳಿದ ಸೀಟು. ಗಂಡು ಹೆಣ್ಣೆನ್ನದೆ ಎಲ್ಲರಿಗೂ ಅನ್ವಯಿಸುವ ಈ ಕಷ್ಟಕ್ಕೆ ಹುಡುಗಿಯರ ವಿಷಯದಲ್ಲಿ ಇನ್ನೊಂದು ಕಷ್ಟ ಸೇರಿಕೊಳ್ಳುತ್ತದೆ: ಹೆಣ್ಣೊಬ್ಬಳು ಮೇಲಿನವರೆಗೆ ಹೋಗುತ್ತಾಳೆಂಬ ನಂಬಿಕೆ ಹಣ ಹೂಡುವವರಲ್ಲಿ ಕಡಿಮೆ. ಫಾರ್ಮುಲಾ ಒನ್ ರೇಸ್‌ನಲ್ಲಿ ಕೊನೆಯ ಬಾರಿಗೆ ಓಡಿದ ಮಹಿಳೆ ಇಟಲಿಯ ಲೆಲ್ಲಾ ಲೊಂಬಾರ್ದಿ, ಅದೂ 1976ರಲ್ಲಿ. ಅದರ ಹಿಂದಿನ ವರ್ಷ ಸ್ಪೇನ್‌ನಲ್ಲಿ ಅವರು ಗಳಿಸಿದ ಅರ್ಧ ಅಂಕವೇ ಆ ಕ್ರೀಡೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯೊಬ್ಬರ ಇಡೀ ಗಳಿಕೆ. ವಿಸ್ಸರ್ ಹುಟ್ಟುವುದಕ್ಕೆ ಹತ್ತೊಂಬತ್ತು ವರ್ಷ ಮೊದಲೇ ಮುಚ್ಚಿದ ಬಾಗಿಲು ಅದು. ಅದನ್ನು ಅವರು ತೆರೆಯಲಿಲ್ಲವೆಂಬುದನ್ನೇ ಅವರ ಅಳತೆಗೋಲು ಮಾಡಿಕೊಂಡರೆ ಅವರು ಮಾಡಿದ್ದೇನೆಂಬುದು ನಮಗೆ ಕಾಣುವುದೇ ಇಲ್ಲ.

ಅವರು ಮಾಡಿದ್ದು ಇದು: ಮೇಲಿನ ದಾರಿ ಮುಚ್ಚಿದಾಗ ಪಕ್ಕದ ದಾರಿ ಹಿಡಿದರು. 2017ರಲ್ಲಿ ಬಿಎಂಡಬ್ಲ್ಯು ಸಂಸ್ಥೆಯ ಜೂನಿಯರ್ ಚಾಲಕರ ಸಾಲಿಗೆ ಸೇರಿ, ಒಂಟಿ ಸೀಟಿನ ಕಾರು ಬಿಟ್ಟು, ರಸ್ತೆ ಕಾರುಗಳನ್ನು ಆಧರಿಸಿದ ಜಿಟಿ ರೇಸಿಂಗ್ ಕಲಿಯತೊಡಗಿದರು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ಜಿಟಿ ಕಾರು ಭಾರ, ಬ್ರೇಕು ಹಿಡಿಯುವ ಜಾಗ ಬೇರೆ, ತಿರುವಿನಲ್ಲಿ ಅದು ವಾಲುವ ರೀತಿಯೇ ಬೇರೆ. ಜೊತೆಗೆ ಒಂದೇ ಕಾರನ್ನು ಇಬ್ಬರು ಮೂವರು ಹಂಚಿಕೊಂಡು ಓಡಿಸಬೇಕು. ಒಂಟಿ ಸೀಟಿನ ಕನಸು ಹೊತ್ತ ಎಷ್ಟೋ ಮಂದಿ ಈ ತಿರುವಿನಲ್ಲೇ ರೇಸಿಂಗ್ ಬಿಡುತ್ತಾರೆ. ವಿಸ್ಸರ್ ಅವರ ವೃತ್ತಿ ದೀರ್ಘವಾದದ್ದು ಇಲ್ಲಿ ಬಿಡದೆ ಹೊಸದಾಗಿ ಕಲಿತದ್ದರಿಂದ ಎಂದು ನಮಗೆ ಅನಿಸುತ್ತದೆ.

ಪ್ರಶ್ನೆ: ಮಹಿಳೆಯರಿಗೆಂದೇ ನಡೆದ ಡಬ್ಲ್ಯು ಸೀರೀಸ್‌ನಲ್ಲಿ ಅವರು ಓಡಿಸಿದ್ದರಂತೆ. ಗಂಡಸರೊಂದಿಗೆ ಸಮನಾಗಿ ಸ್ಪರ್ಧಿಸಬಹುದಾದ ಕ್ರೀಡೆಯಲ್ಲಿ ಹೆಂಗಸರಿಗೆ ಬೇರೆ ಪಂದ್ಯ ಇಡುವುದು ಅವಮಾನವಲ್ಲವೇ? (ಮಂಗಳೂರಿನ ಓದುಗರು)

ಉತ್ತರ: ಇದೇ ಮಾತನ್ನು ಆಗ ಮಹಿಳಾ ಚಾಲಕರೇ ಆಡಿದ್ದರು. 2018ರಲ್ಲಿ ಡಬ್ಲ್ಯು ಸೀರೀಸ್ ಘೋಷಣೆಯಾದಾಗ ಅಮೆರಿಕದ ಹೆಸರಾಂತ ಇಂಡಿಯಾನಾಪೊಲಿಸ್ 500 ರೇಸ್‌ನಲ್ಲಿ ಓಡಿದ ಬ್ರಿಟನ್ನಿನ ಪಿಪ್ಪಾ ಮನ್ ಬಹಿರಂಗವಾಗಿ ವಿರೋಧಿಸಿದರು. ಜರ್ಮನಿಯ ಸೋಫಿಯಾ ಫ್ಲೋರ್ಶ್ ಕೂಡ ಒಪ್ಪಲಿಲ್ಲ. ವಿರೋಧಿಸಿದವರ ವಾದದಲ್ಲಿ ಹುರುಳಿತ್ತು. ಕಾರ್ ರೇಸಿಂಗ್‌ನ ನಿಯಮಪುಸ್ತಕ ಗಂಡು ಹೆಣ್ಣೆಂದು ಭೇದ ಮಾಡುವುದಿಲ್ಲ. ಭೇದವಿಲ್ಲದಲ್ಲಿ ಗೋಡೆ ಕಟ್ಟುವುದೇಕೆ ಎಂಬುದು ಅವರ ಪ್ರಶ್ನೆ.

ಆದರೆ ಈ ಸರಣಿ ನಡೆದ ರೀತಿಯನ್ನು ನೋಡಿದರೆ ಇನ್ನೊಂದು ಮಗ್ಗುಲೂ ತಿಳಿಯುತ್ತದೆ. ಇದರಲ್ಲಿ ಓಡಿಸಲು ಚಾಲಕಿಯರು ಹಣ ತರಬೇಕಾಗಿರಲಿಲ್ಲ. ಪ್ರವೇಶ ಉಚಿತ; ಆಯ್ಕೆಯಾಗಬೇಕಾದದ್ದು ಪರೀಕ್ಷಾ ಓಟಗಳ ಮೂಲಕ. ಕಾರುಗಳೆಲ್ಲ ಒಂದೇ ಮಾದರಿಯ ತತೂಸ್ ಫಾರ್ಮುಲಾ 3 ಕಾರುಗಳು. ಮೊದಲ ವರ್ಷ ಅವನ್ನು ಒಂದೇ ಸಂಸ್ಥೆ ನೋಡಿಕೊಳ್ಳುತ್ತಿತ್ತು, ಕಾರುಗಳನ್ನು ರೇಸ್‌ನಿಂದ ರೇಸ್‌ಗೆ ಚಾಲಕಿಯರ ನಡುವೆ ಅದಲುಬದಲು ಮಾಡಲಾಗುತ್ತಿತ್ತು. ಬಹುಮಾನದ ಒಟ್ಟು ಮೊತ್ತ 15 ಲಕ್ಷ ಡಾಲರ್, ಅದರಲ್ಲಿ ಚಾಂಪಿಯನ್‌ಗೆ 5 ಲಕ್ಷ. ಹಣವಿಲ್ಲದ ಕಾರಣಕ್ಕೆ ಮನೆಯಲ್ಲಿ ಕುಳಿತಿದ್ದ ಬ್ರಿಟನ್ನಿನ ಆಲಿಸ್ ಪೊವೆಲ್ ಅಂಥವರು ಮತ್ತೆ ಟ್ರ್ಯಾಕಿಗೆ ಬಂದದ್ದು ಇದರಿಂದಲೇ.

2019ರ ಮೊದಲ ಆವೃತ್ತಿಯಲ್ಲಿ ವಿಸ್ಸರ್ ಬೆಲ್ಜಿಯಂನ ಜೋಲ್ಡರ್‌ನಲ್ಲಿ ಗೆದ್ದರು. ಆರು ರೇಸ್‌ಗಳ ಆ ಸರಣಿ ಕೊನೆಗೆ ಅವರ ಮತ್ತು ಬ್ರಿಟನ್ನಿನ ಜೇಮಿ ಚಾಡ್ವಿಕ್ ಅವರ ನಡುವಿನ ಹಣಾಹಣಿಯಾಯಿತು. ಆಗಸ್ಟ್‌ನಲ್ಲಿ ಬ್ರಾಂಡ್ಸ್ ಹ್ಯಾಚ್‌ನ ಅಂತಿಮ ರೇಸ್‌ನಲ್ಲಿ ವಿಸ್ಸರ್ ಮೂರನೆಯವರಾಗಿ, ಚಾಡ್ವಿಕ್ ನಾಲ್ಕನೆಯವರಾಗಿ ಗುರಿ ಮುಟ್ಟಿದರು. ಆದರೂ ಒಟ್ಟು ಅಂಕಗಳಲ್ಲಿ 110ಕ್ಕೆ 100ರಂತೆ ಚಾಡ್ವಿಕ್ ಪ್ರಶಸ್ತಿ ಪಡೆದರು. 2020ರಲ್ಲಿ ಕೋವಿಡ್‌ನಿಂದಾಗಿ ಟ್ರ್ಯಾಕ್‌ಗಳು ಮುಚ್ಚಿದಾಗ ಸಿಮ್ಯುಲೇಟರ್‌ಗಳ ಮೂಲಕ ಆನ್‌ಲೈನ್‌ನಲ್ಲಿ ಲೀಗ್ ನಡೆಯಿತು. ಅದನ್ನು ಗೆದ್ದವರು ವಿಸ್ಸರ್. ಮುಂದೆ 2021ರಿಂದ ಡಬ್ಲ್ಯು ಸೀರೀಸ್ ಫಾರ್ಮುಲಾ ಒನ್ ವಾರಾಂತ್ಯಗಳಲ್ಲೇ ನಡೆಯತೊಡಗಿತು. 2022ರ ಅಕ್ಟೋಬರ್ 2ರಂದು ಸಿಂಗಪುರದ ಮರೀನಾ ಬೇ ಬೀದಿಗಳಲ್ಲಿ ನಡೆದ ರೇಸ್‌ನಲ್ಲಿ ಚಾಡ್ವಿಕ್ ಅಪಘಾತಕ್ಕೀಡಾಗಿ ಹೊರಬಿದ್ದರೆ, ವಿಸ್ಸರ್ ಗೆದ್ದರು. ಅದಾದ ಕೆಲವೇ ದಿನಗಳಲ್ಲಿ ಹಣದ ಕೊರತೆಯಿಂದ ಉಳಿದ ರೇಸ್‌ಗಳು ರದ್ದಾದವು, 2023ರಲ್ಲಿ ಸಂಸ್ಥೆಯೇ ದಿವಾಳಿಯ ದಾರಿ ಹಿಡಿಯಿತು. ಹೀಗೆ ಡಬ್ಲ್ಯು ಸೀರೀಸ್‌ನ ಕಟ್ಟಕಡೆಯ ರೇಸ್‌ನ ವಿಜೇತೆಯಾಗಿ ವಿಸ್ಸರ್ ಅವರ ಹೆಸರು ಉಳಿಯಿತು.

ಪ್ರತ್ಯೇಕ ಪಂದ್ಯ ಅವಮಾನವೇ ಎಂಬ ಪ್ರಶ್ನೆಗೆ ನಮ್ಮ ಅಭಿಪ್ರಾಯ ಹೀಗಿದೆ. ಸೀಟೇ ಇಲ್ಲದ ಚಾಲಕಿಗೆ ಸಮಾನತೆಯ ತತ್ವ ಕಾರು ಓಡಿಸಲು ಕೊಡುವುದಿಲ್ಲ. ಡಬ್ಲ್ಯು ಸೀರೀಸ್ ತಪ್ಪಿದ್ದು ಮಹಿಳೆಯರಿಗೆಂದು ಇದ್ದುದರಲ್ಲಿ ಅಲ್ಲ, ಗೆದ್ದವರನ್ನು ಮುಂದಿನ ಮೆಟ್ಟಿಲಿಗೆ ಏರಿಸುವ ವ್ಯವಸ್ಥೆ ಮಾಡದೆ ಹೋದುದರಲ್ಲಿ. ಮೂರು ಆವೃತ್ತಿಗಳನ್ನೂ ಗೆದ್ದ ಚಾಡ್ವಿಕ್ ಅವರಿಗೆ ಕೂಡ ಫಾರ್ಮುಲಾ ಒನ್‌ಗೆ ಮೆಟ್ಟಿಲುಗಳಾದ ಯೂರೋಪಿನ ಫಾರ್ಮುಲಾ 3 ಅಥವಾ 2ರಲ್ಲಿ ಸೀಟು ಒದಗಲಿಲ್ಲ; ಅವರು ಅಮೆರಿಕದ ಇಂಡಿ ಎನ್‌ಎಕ್ಸ್‌ಟಿ ಸರಣಿಗೆ ಹೋದರು.

ಪ್ರಶ್ನೆ: ಇಷ್ಟು ವೇಗದ ಕಾರು ಓಡಿಸಲು ಹೆಣ್ಣಿನ ದೇಹಬಲ ಸಾಲುತ್ತದೆಯೇ? ಅವರಿಗೆ ಅಪಘಾತವಾಗಿತ್ತೆಂದು ಕೇಳಿದ್ದೇವೆ. (ಕಲಬುರಗಿಯ ಓದುಗರು)

ಉತ್ತರ: ದೇಹಬಲ ಬೇಕು, ಅದನ್ನು ಅಲ್ಲಗಳೆಯುವಂತಿಲ್ಲ. ವೇಗದ ತಿರುವಿನಲ್ಲಿ ತಲೆ ಮತ್ತು ಹೆಲ್ಮೆಟ್ಟಿನ ಭಾರ ಹಲವು ಪಟ್ಟು ಹೆಚ್ಚಾಗಿ ಕುತ್ತಿಗೆಯನ್ನು ಪಕ್ಕಕ್ಕೆ ಎಳೆಯುತ್ತದೆ. ಫಾರ್ಮುಲಾ 2 ಕಾರಿನಲ್ಲಿ ಪವರ್ ಸ್ಟೀರಿಂಗ್ ಇಲ್ಲ, ಆದ್ದರಿಂದ ತೋಳು ಮತ್ತು ಭುಜಗಳ ಮೇಲೆ ಬಹಳ ಹೊರೆ ಬೀಳುತ್ತದೆ. ವಿಚಿತ್ರವೆಂದರೆ ಅದಕ್ಕಿಂತ ವೇಗವಾದ ಫಾರ್ಮುಲಾ ಒನ್ ಕಾರಿನಲ್ಲಿ ಪವರ್ ಸ್ಟೀರಿಂಗ್ ಇದೆ. ಈ ಬಲವನ್ನು ತರಬೇತಿಯಿಂದ ಗಳಿಸಬಹುದು, ಗಂಡಸರೂ ತರಬೇತಿಯಿಂದಲೇ ಗಳಿಸುತ್ತಾರೆ. ಸ್ಟೀರಿಂಗ್ ಚಕ್ರದ ಗಾತ್ರ, ಪೆಡಲ್‌ಗಳ ದೂರ, ಸೀಟಿನ ಅಚ್ಚು ಇವು ಚಾಲಕಿಯ ದೇಹಕ್ಕೆ ಹೊಂದುವಂತಿದ್ದರೆ ಅರ್ಧ ಕಷ್ಟ ಕಡಿಮೆ.

ಅಪಘಾತದ ಮಾತು ನಿಜ. 2021ರ ಆಗಸ್ಟ್ 27ರಂದು ಬೆಲ್ಜಿಯಂನ ಸ್ಪಾ ಟ್ರ್ಯಾಕ್‌ನಲ್ಲಿ ಡಬ್ಲ್ಯು ಸೀರೀಸ್‌ನ ಅರ್ಹತಾ ಸುತ್ತು ನಡೆಯುತ್ತಿತ್ತು. ಮಳೆ ಬಿದ್ದ ನೆಲ. ಓ ರೂಜ್ ಎಂಬ ತಗ್ಗಿನಿಂದ ರೈದಿಯೋ ಎಂಬ ಏರಿಗೆ ಕಾರುಗಳು ಪೂರ್ಣ ವೇಗದಲ್ಲಿ ಹತ್ತುವ ಜಾಗವದು. ಏರಿನಾಚೆ ಏನಿದೆಯೆಂದು ಹತ್ತುವವರಿಗೆ ಕಾಣುವುದಿಲ್ಲ. ಅಲ್ಲಿ ಒಂದರ ಹಿಂದೊಂದು ಆರು ಕಾರುಗಳು ಅಪ್ಪಳಿಸಿಕೊಂಡವು. ವಿಸ್ಸರ್ ಮತ್ತು ನಾರ್ವೆಯ ಐಲಾ ಓಗ್ರೆನ್ ಅವರನ್ನು ತಪಾಸಣೆಗಾಗಿ ಆಸ್ಪತ್ರೆಗೆ ಒಯ್ಯಲಾಯಿತು. ಅದೃಷ್ಟವಶಾತ್ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಎರಡು ವರ್ಷ ಮೊದಲು, 2019ರ ಆಗಸ್ಟ್‌ನಲ್ಲಿ, ಅದೇ ಏರಿನ ಬಳಿ ಫಾರ್ಮುಲಾ 2 ಚಾಲಕ ಆಂತ್ವಾನ್ ಹ್ಯೂಬರ್ ತೀರಿಕೊಂಡಿದ್ದರು. ಮಹಿಳೆಯರ ಅಪಘಾತದ ಮರುದಿನವೇ ಫಾರ್ಮುಲಾ ಒನ್ ಅರ್ಹತಾ ಸುತ್ತಿನಲ್ಲಿ ಲ್ಯಾಂಡೋ ನಾರಿಸ್ ಅವರ ಕಾರೂ ಅಲ್ಲಿಯೇ ನುಜ್ಜುಗುಜ್ಜಾಯಿತು. ಆ ಏರು ಗಂಡು ಹೆಣ್ಣೆಂದು ನೋಡಲಿಲ್ಲ. 2022ರ ಹೊತ್ತಿಗೆ ಅಲ್ಲಿ ಟ್ರ್ಯಾಕಿನಾಚೆಯ ಬಯಲನ್ನು ವಿಸ್ತರಿಸಿ, ಕಾರುಗಳ ವೇಗ ತಗ್ಗಲೆಂದು ಜಲ್ಲಿಕಲ್ಲು ಹಾಕಲಾಯಿತು.

ಪ್ರಶ್ನೆ: ಲ ಮಾನ್ಸ್ 24 ಗಂಟೆಗಳ ರೇಸ್‌ನಲ್ಲಿ ಮೂವರು ಮಹಿಳೆಯರು ಒಂದೇ ಕಾರು ಓಡಿಸಿದ್ದರೆಂದು ಓದಿದ್ದೆ. ಅವರಲ್ಲಿ ವಿಸ್ಸರ್ ಇದ್ದರೇ? ಅದು ಹೇಗೆ ನಡೆಯುತ್ತದೆ? (ಬೆಂಗಳೂರಿನ ಓದುಗರು)

ಉತ್ತರ: ಇದ್ದರು, ಮತ್ತು ಅವರ ವೃತ್ತಿಯ ಅತ್ಯಂತ ತೃಪ್ತಿಕರ ಭಾಗ ಇದೇ ಎಂದು ನಾವು ಎಣಿಸುತ್ತೇವೆ.

2020ರಲ್ಲಿ ರಿಷಾರ್ ಮಿಲ್ ತಂಡ ರೇಸಿಂಗ್‌ಗೆಂದೇ ಕಟ್ಟಿದ ಕಾರುಗಳ ಎರಡನೆಯ ದರ್ಜೆಯಾದ ಎಲ್‌ಎಂಪಿ2 ವರ್ಗಕ್ಕೆ ಮಹಿಳೆಯರೇ ಇರುವ ಒಂದು ತಂಡವನ್ನು ಕಟ್ಟಿತು: ಬ್ರಿಟನ್ನಿನ ಕ್ಯಾಥರೀನ್ ಲೆಗ್, ಕೊಲಂಬಿಯಾದ ತಾತಿಯಾನಾ ಕಾಲ್ದೆರೋನ್, ಮತ್ತು ಮೇಲೆ ಹೇಳಿದ ಸೋಫಿಯಾ ಫ್ಲೋರ್ಶ್. ಜುಲೈನಲ್ಲಿ ಫ್ರಾನ್ಸಿನ ಪಾಲ್ ರಿಕಾರ್ ಟ್ರ್ಯಾಕ್‌ನಲ್ಲಿ ನಡೆದ ಪರೀಕ್ಷಾ ಓಟದಲ್ಲಿ ಲೆಗ್ ಅವರ ಕಾಲು ಮುರಿಯಿತು. ಅವರ ಜಾಗಕ್ಕೆ ಲ ಮಾನ್ಸ್‌ಗೆ ಬಂದವರು ವಿಸ್ಸರ್. ಅವರು ಅಲ್ಲಿ ಓಡುತ್ತಿದ್ದದ್ದು ಅದೇ ಮೊದಲು. ಡಬ್ಲ್ಯು ಸೀರೀಸ್‌ನ ಉಪವಿಜೇತೆಯೂ ಅದನ್ನು ವಿರೋಧಿಸಿದ ಫ್ಲೋರ್ಶ್ ಕೂಡ ಒಂದೇ ಕಾರಿನ ಜೊತೆಗಾರರಾದರು ಎಂಬುದನ್ನು ಮಂಗಳೂರಿನ ಓದುಗರು ಗಮನಿಸಬಹುದು. ಎರಡು ಅಭಿಪ್ರಾಯಗಳ ನಡುವೆ ಸೀಟು ಹಂಚಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ.

ಫ್ರಾನ್ಸಿನ ಲ ಮಾನ್ಸ್ ಟ್ರ್ಯಾಕಿನ ಒಂದು ಸುತ್ತು 13.626 ಕಿಲೋಮೀಟರ್. ಅದರ ಒಂದು ಭಾಗ ಉಳಿದ ದಿನಗಳಲ್ಲಿ ಸಾರ್ವಜನಿಕ ರಸ್ತೆ. ಎಲ್‌ಎಂಪಿ2 ಕಾರಿನಲ್ಲಿ ಗಿಬ್ಸನ್ ಕಂಪನಿಯ 4.2 ಲೀಟರ್ ವಿ8 ಎಂಜಿನ್. ಯಾವ ಚಾಲಕರೂ ಆರು ಗಂಟೆಗಳ ಅವಧಿಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು, ಇಡೀ ರೇಸ್‌ನಲ್ಲಿ 14 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್‌ನಲ್ಲಿ ಒಬ್ಬರು ಇಳಿದು ಇನ್ನೊಬ್ಬರು ಹತ್ತುವಾಗ ಬೆಲ್ಟು, ರೇಡಿಯೋ, ಕುಡಿಯುವ ನೀರಿನ ಕೊಳವೆ ಎಲ್ಲವನ್ನೂ ಜೋಡಿಸಬೇಕು. ಇದಕ್ಕಾಗಿಯೇ ತಂಡಗಳು ಅಭ್ಯಾಸ ನಡೆಸುತ್ತವೆ. ಮೂವರಿಗೂ ಒಪ್ಪುವ ಕೂರುವ ಭಂಗಿ, ಮೂವರಿಗೂ ಸಹ್ಯವಾಗುವ ಕಾರಿನ ಹೊಂದಿಕೆ ಹುಡುಕಬೇಕು. ಅಂದರೆ ಪ್ರತಿಯೊಬ್ಬರೂ ತಮಗೆ ಅತ್ಯುತ್ತಮವಾದುದನ್ನು ಸ್ವಲ್ಪ ಬಿಟ್ಟುಕೊಡಬೇಕು. ಟ್ರ್ಯಾಕಿನ ಮೇಲೆ ತಮಗಿಂತ ವೇಗದ ಹೈಪರ್ ಅಥವಾ ಎಲ್‌ಎಂಪಿ1 ಕಾರುಗಳಿಗೆ ದಾರಿ ಬಿಡುತ್ತ, ನಿಧಾನದ ಜಿಟಿ ಕಾರುಗಳನ್ನು ದಾಟುತ್ತ, ಕನ್ನಡಿಯನ್ನೂ ಮುಂದಿನ ತಿರುವನ್ನೂ ಒಟ್ಟಿಗೆ ನೋಡುತ್ತ ರಾತ್ರಿ ಕಳೆಯಬೇಕು. ಸಾಮಾನ್ಯವಾಗಿ ಜೂನ್‌ನಲ್ಲಿ ನಡೆಯುವ ರೇಸ್ ಆ ವರ್ಷ ಕೋವಿಡ್‌ನಿಂದ ಸೆಪ್ಟೆಂಬರ್ 19 ಮತ್ತು 20ಕ್ಕೆ ಹೋಗಿತ್ತು, ಆದ್ದರಿಂದ ಕತ್ತಲಿನ ಗಂಟೆಗಳೂ ಹೆಚ್ಚಾಗಿದ್ದವು. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ.

ಜಿಟಿ ಕಾರಿನಲ್ಲಿ ಹಂಚಿಕೊಂಡು ಓಡಿಸುವುದನ್ನು ಕಲಿತದ್ದು ವಿಸ್ಸರ್ ಅವರಿಗೆ ಇಲ್ಲಿ ಕೈಹಿಡಿಯಿತು. ಅವರ ಕಾರು ತನ್ನ ವರ್ಗದಲ್ಲಿ ಒಂಬತ್ತನೆಯದಾಗಿ, ಒಟ್ಟಾರೆ ಹದಿಮೂರನೆಯದಾಗಿ ಗುರಿ ಮುಟ್ಟಿತು. ಅದೇ ವರ್ಷ ಜಿಟಿ ವರ್ಗದಲ್ಲಿ ಐರನ್ ಲಿಂಕ್ಸ್ ತಂಡದ ಮೂವರು ಮಹಿಳೆಯರೂ ತಮ್ಮ ವರ್ಗದಲ್ಲಿ ಒಂಬತ್ತನೆಯವರಾದರು. ಒಂಬತ್ತನೆಯ ಸ್ಥಾನವೆಂದರೆ ದೊಡ್ಡದೇ ಎಂದು ಕೇಳುವವರಿಗೆ ಹೇಳಬೇಕಾದ ಮಾತೊಂದಿದೆ: ಲ ಮಾನ್ಸ್‌ನಲ್ಲಿ 24 ಗಂಟೆ ತಾಳಿಕೊಂಡು ಬಂದ ಕಾರೇ ಒಂದು ಸಾಧನೆ. ಮರುವರ್ಷ ವಿಸ್ಸರ್, ಕಾಲ್ದೆರೋನ್ ಮತ್ತು ಫ್ಲೋರ್ಶ್ ಹಲವು ಗಂಟೆಗಳ ದೀರ್ಘ ರೇಸ್‌ಗಳ ಸರಣಿಯಾದ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್‌ನಲ್ಲಿ ಒಟ್ಟಿಗೆ ಓಡಿಸಿದರು. ಆ ವರ್ಷದ ಲ ಮಾನ್ಸ್‌ನಲ್ಲಿ ಅವರ ಕಾರು ಗುರಿ ಮುಟ್ಟಲಿಲ್ಲ.

ಇದೇ ಪತ್ರದಲ್ಲಿ ನಮ್ಮವರು ಯಾರಾದರೂ ಈ ವರ್ಗದಲ್ಲಿ ಓಡಿಸಿದ್ದಾರೆಯೇ ಎಂದೂ ಕೇಳಿದ್ದೀರಿ. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಲ ಮಾನ್ಸ್‌ನ ಎಲ್‌ಎಂಪಿ2 ವರ್ಗದಲ್ಲಿ ಓಡಿಸಿದ್ದಾರೆ.

ಪ್ರಶ್ನೆ: ಈಗ ಶುರುವಾಗಿರುವ ಎಫ್1 ಅಕಾಡೆಮಿಯಲ್ಲಿ ವಿಸ್ಸರ್ ಏಕಿಲ್ಲ? ನೆದರ್ಲೆಂಡ್ಸ್‌ನಿಂದ ಅವರ ನಂತರ ಯಾರಿದ್ದಾರೆ? (ದಾವಣಗೆರೆಯ ಓದುಗರು)

ಉತ್ತರ: ಎಫ್1 ಅಕಾಡೆಮಿ 16ರಿಂದ 25 ವರ್ಷದೊಳಗಿನ ಯುವತಿಯರಿಗೆ ಮೀಸಲಾದ ರೇಸ್ ಸರಣಿ. ಅದು 2023ರಲ್ಲಿ ಆರಂಭವಾದಾಗ ವಿಸ್ಸರ್ ಅವರಿಗೆ 28 ಆಗಿತ್ತು. ಈ ವಯೋಮಿತಿಯ ಉದ್ದೇಶ ನಮಗೆ ಸರಿಯೆನಿಸುತ್ತದೆ: ಡಬ್ಲ್ಯು ಸೀರೀಸ್‌ನಲ್ಲಿ ಅನುಭವಿಗಳೂ ಎಳೆಯರೂ ಒಂದೇ ಸೀಟಿಗೆ ಪೈಪೋಟಿ ನಡೆಸಬೇಕಾಗಿತ್ತು, ಇಲ್ಲಿ ಕಾರ್ಟಿಂಗ್‌ನಿಂದ ಬರುವ ಹುಡುಗಿಯರಿಗೆ ಮೊದಲ ಮೆಟ್ಟಿಲು ಸಿಗುತ್ತದೆ. ಆದರೆ ಇದು ಪೂರ್ಣ ಉಚಿತವಲ್ಲ. ಮೊದಲ ವರ್ಷ ಪ್ರತಿ ಕಾರಿಗೆ ಫಾರ್ಮುಲಾ ಒನ್ ಸಂಸ್ಥೆ 1,50,000 ಯೂರೋ ಸಹಾಯಧನ ಕೊಟ್ಟರೆ, ಅಷ್ಟೇ ಮೊತ್ತವನ್ನು ಚಾಲಕಿ ಹೊಂದಿಸಬೇಕಾಗಿತ್ತು.

ಡಚ್ ಧ್ವಜದಡಿ ಓಡಿಸುವವರಲ್ಲಿ ಸ್ಪೇನ್‌ನಲ್ಲಿ ಬೆಳೆದ ಮಾಯಾ ವೇಗ್ ಮುಖ್ಯರು. 2021ರಲ್ಲಿ ಫೆರಾರಿಯ ಚಾಲಕರ ಅಕಾಡೆಮಿಗೆ ಸೇರಿದ ಮೊದಲ ಮಹಿಳೆ ಅವರು. ಎಮೆಲಿ ಡೆ ಹ್ಯೂಸ್ 2022ರಲ್ಲಿ ವಿಸ್ಸರ್ ಇದ್ದ ಡಬ್ಲ್ಯು ಸೀರೀಸ್‌ನಲ್ಲೇ ಓಡಿ, ಆಮೇಲೆ ಎಫ್1 ಅಕಾಡೆಮಿಗೆ ಬಂದರು. ನೀನಾ ಗಾಡೆಮನ್ ಕೂಡ ಡಚ್ ಚಾಲಕಿ. ಮನೆಯ ಹೆಣ್ಣುಮಗುವಿಗೆ ಈ ಆಸಕ್ತಿಯಿದೆ, ಯಾವ ವಯಸ್ಸಿನಲ್ಲಿ ಶುರು ಮಾಡಬೇಕು ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಯೂರೋಪಿನಲ್ಲಿ ಏಳೆಂಟು ವರ್ಷಕ್ಕೇ ಕಾರ್ಟ್ ಹತ್ತಿಸುತ್ತಾರೆ. ಮೊದಲ ಎರಡು ವರ್ಷ ಬಾಡಿಗೆ ಕಾರ್ಟ್ ಸಾಕು. ಸ್ವಂತ ಕಾರ್ಟ್, ಟೈರು, ಮೆಕ್ಯಾನಿಕ್ ಎಂದು ಖರ್ಚಿಗೆ ಇಳಿಯುವ ಮೊದಲು ಮಗು ಮಳೆಯಲ್ಲೂ ಸೋತ ದಿನವೂ ಮತ್ತೆ ಟ್ರ್ಯಾಕಿಗೆ ಹೋಗಲು ತಾನಾಗಿ ಕೇಳುತ್ತದೆಯೇ ಎಂದು ನೋಡಿಕೊಳ್ಳಿ.